ಹಳೆಯ ಜೋಡಿ ನಳಿಗೆ ಕೋವಿ: ಸ್ಟಾಕ್ ಸೀಳಿದೆ, ಹೊಸ ಮರ ಹಾಕಿಸಲಾ?

ತೋಟದಮನೆ:
ನಮಸ್ಕಾರ. ನಮ್ಮದು ಕೊಡಗಿನ ವಿರಾಜಪೇಟೆ ಕಡೆ. ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ತಾತನಿಗೂ ಹಿಂದಿನಿಂದ ಬಂದ ಒಂದು ಜೋಡಿ ನಳಿಗೆ ಕೋವಿ ಇದೆ. 12 ಬೋರ್ (ನಳಿಗೆಯ ಒಳಅಗಲದ ಅಳತೆ), ಈಡು ಹಾರಿಸುವ ಹ್ಯಾಮರ್ ಎರಡೂ ಹೊರಗಡೆ ಇರುವಂಥದ್ದು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಸಿಗುವ ವಿನಾಯಿತಿ ಪತ್ರ ಎಲ್ಲ ಸರಿಯಾಗಿದೆ. ವರ್ಷಕ್ಕೊಮ್ಮೆ ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧಪೂಜೆಯ ಹಬ್ಬ) ಹೊರಗೆ ತೆಗೆಯುತ್ತೇವೆ. ಎಣ್ಣೆ ಹಾಕಿ ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿ ಮತ್ತೆ ಬೀರುವಿನಲ್ಲಿ ನಿಲ್ಲಿಸುತ್ತೇವೆ.

ತೊಂದರೆ ಮರದ್ದು, ಅಂದರೆ ಭುಜಕ್ಕೆ ಆನಿಸುವ ಸ್ಟಾಕಿನದು. ಟ್ರಿಗರ್ ಹಿಂದೆ ಕೈ ಹಿಡಿಯುವ ತೆಳು ಜಾಗದಲ್ಲಿ ಉದ್ದಕ್ಕೆ ಸೀಳು ಬಿಟ್ಟಿದೆ. ಯಾವ ಕಾಲದಲ್ಲೋ ಯಾರೋ ತಾಮ್ರದ ತಂತಿ ಬಿಗಿಯಾಗಿ ಸುತ್ತಿದ್ದಾರೆ, ಎರಡು ಮೊಳೆಯನ್ನೂ ಹೊಡೆದಿದ್ದಾರೆ. ಸ್ಟಾಕಿನ ಕೆಳತುದಿಯ ಮೂಲೆ ಹಾರಿಹೋಗಿದೆ. ಕಬ್ಬಿಣಕ್ಕೆ ತಾಗುವ ಕಡೆ ಮರ ಕಪ್ಪಗಾಗಿದೆ, ಉಗುರು ಊರಿದರೆ ಗುರುತು ಬೀಳುತ್ತದೆ. ಊರಿನ ಆಚಾರಿ "ಇದನ್ನು ಬಿಸಾಕಿ, ಬೀಟೆಯಲ್ಲಿ ಹೊಸದು ಮಾಡಿಕೊಡ್ತೀನಿ" ಅಂತಿದ್ದಾರೆ. ಚಿಕ್ಕಪ್ಪನಿಗೆ ಈ ಸಲ ತೆಂಗಿನಕಾಯಿಗೆ ಗುರಿ ಇಡೋಕೆ ಇದೇ ಕೋವಿ ಬೇಕಂತೆ. ನಳಿಗೆ ಕೆಳಗೆ ಇಂಗ್ಲಿಷಿನಲ್ಲಿ "ನಾಟ್ ಫಾರ್ ಬಾಲ್" ಅಂತ ಸಣ್ಣ ಅಕ್ಷರ ಕೊರೆದಿದೆ, ಏನದು? ತಿಳಿದವರು ಹೇಳಿ.

ಹಳೇಮರ_ಮೈಸೂರು:
ಬೀಟೆ ಬೇಡವೇ ಬೇಡ. ಭಾರ ಜಾಸ್ತಿ, ಏಟಿಗೆ ಸಿಡಿಯುತ್ತದೆ, ಮರದಲ್ಲೇ ಎಣ್ಣೆ ಇರುವುದರಿಂದ ಅಂಟು ಕೂಡ ಸರಿಯಾಗಿ ಹಿಡಿಯಲ್ಲ. ನಿಮ್ಮದು ಬಹುಶಃ ಅಕ್ರೋಟು ಮರ. ಇಂಗ್ಲೆಂಡಿನಿಂದ ಬಂದವು ಹೆಚ್ಚೂಕಡಿಮೆ ಅದರಲ್ಲೇ ಇರುತ್ತವೆ. ಲೈಸೆನ್ಸ್ ಇರುವ ರಿಪೇರಿ ಅಂಗಡಿಯಲ್ಲಿ ನನ್ನ ಅರ್ಧ ಆಯಸ್ಸು ಹೋಗಿದೆ. ಬೀಟೆ ಸ್ಟಾಕ್ ಹಾಕಿಸಿಕೊಂಡು ಖುಷಿಪಟ್ಟ ಒಬ್ಬ ಗಿರಾಕಿಯೂ ನೆನಪಿಲ್ಲ.

ಈಗ ವಿಷಯಕ್ಕೆ ಬರೋಣ. ನೀವು ಸೀಳು ನೋಡ್ತಿದ್ದೀರಿ, ನಾನು ಆ ಕಪ್ಪು ನೋಡ್ತಿದ್ದೇನೆ. ಪ್ರತಿವರ್ಷ ಕಬ್ಬಿಣಕ್ಕೆ ಎಣ್ಣೆ ಸುರಿದು, ನಳಿಗೆ ಮೇಲೆ ಮಾಡಿ ನಿಲ್ಲಿಸ್ತೀರಿ ಅಲ್ವಾ? ಆ ಎಣ್ಣೆಯೆಲ್ಲ ಇಳಿದು ಸೇರುವುದು ಸ್ಟಾಕಿನ ತಲೆಗೆ. ಅಲ್ಲಿ ಮರ ಮೆತ್ತಗಾಗುತ್ತದೆ. ಈಡು ಹಾರಿದಾಗ ಹಿಂದಕ್ಕೆ ಬರುವ ಒದೆತವನ್ನು ಆ ತಲೆಭಾಗ ತಡೆಯಬೇಕು. ಮೆತ್ತಗಾದ ಮರ ತಡೆಯುವುದಿಲ್ಲ. ಆಗ ಮೇಲಿಂದ ಹಿಂದಕ್ಕೆ ಚಾಚಿರುವ ಕಬ್ಬಿಣದ ಪಟ್ಟಿ ಬೆಣೆಯ ಹಾಗೆ ಮರದೊಳಗೆ ನುಗ್ಗಿ ಸೀಳುತ್ತದೆ. ಎಣ್ಣೆ ತೆಗೆಯದೆ ಅಂಟು ಹಾಕಿದರೆ ಮುಂದಿನ ಹಬ್ಬಕ್ಕೆ ಮತ್ತೆ ಬಾಯಿ ಬಿಡುತ್ತದೆ. ಆ ತಂತಿ ಸುತ್ತಿದವರು ಪಾಪ, ಇದೇ ಕಷ್ಟಪಟ್ಟಿರಬೇಕು.

ಕಬ್ಬಿಣ ಬಿಚ್ಚುವ ಕೆಲಸ ಮಾತ್ರ ಲೈಸೆನ್ಸ್ ಇರುವ ಕಡೆಯೇ ಮಾಡಿಸಿ. ಆ ಹಳೆಯ ಸ್ಕ್ರೂಗಳ ತಲೆಯ ಗಾಡಿ (ಸ್ಕ್ರೂಡ್ರೈವರ್ ಕೂರುವ ಗೀರು) ಕೂದಲೆಳೆಯಷ್ಟು ಸಣ್ಣದು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ತಲೆ ಕಿತ್ತು ಬರುತ್ತದೆ. ಗಾಡಿಗೆ ಸರಿಯಾಗಿ ಕೂರುವಂತೆ ತುದಿ ಉಜ್ಜಿಕೊಂಡೇ ತಿರುಗಿಸಬೇಕು.

ಕಬ್ಬಿಣ ಬಿಚ್ಚಿ ಮರ ಮಾತ್ರ ಕೈಗೆ ಬಂದ ಮೇಲೆ ಕೂದಲು ಒಣಗಿಸುವ ಡ್ರೈಯರ್ ಹಿಡಿದು ನೋಡಿ. ಕಂದು ಎಣ್ಣೆ ಬೆವರಿನಂತೆ ಹನಿಹನಿಯಾಗಿ ಮೇಲೆ ಬರುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ. ಒಣಗುತ್ತಾ ಬಿಳಿ ಪುಡಿ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಬ್ರಷ್‌ನಲ್ಲಿ ಉದುರಿಸಿ ಮತ್ತೆ ಮೆತ್ತಿ. ಪುಡಿ ಬಿಳಿಯಾಗೇ ಉಳಿಯುವವರೆಗೂ ಬಿಡಬೇಡಿ. ಅಸಿಟೋನ್ ಹಚ್ಚಿದಾಗ ಡ್ರೈಯರ್, ಒಲೆ, ಬೀಡಿ ಯಾವುದೂ ಹತ್ತಿರ ಬರಬಾರದು. ಅಂಗಳದಲ್ಲೇ ಮಾಡಿ.

ಆಮೇಲೆ ಮೊಳೆ ಕಿತ್ತು, ಸೀಳನ್ನು ತೆಳು ಬೆಣೆಯಿಂದ ಸ್ವಲ್ಪ ಅಗಲಿಸಿ, ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಅಂಟನ್ನು ಆಳಕ್ಕೆ ಇಳಿಸಿ. ಐದು ನಿಮಿಷದ್ದು ಬೇಡ. ಮೇಲಿಂದ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಎಳೆದೆಳೆದು ಸುತ್ತಿ. ಯಾವ ಕ್ಲಾಂಪಿಗೂ ಆ ದುಂಡು ಜಾಗದಲ್ಲಿ ಅಷ್ಟು ಸಮನಾಗಿ ಒತ್ತಲು ಬರಲ್ಲ. ಒಳಗಡೆಯಿಂದ, ಕಬ್ಬಿಣ ಕೂತು ಮುಚ್ಚುವ ಜಾಗದಲ್ಲಿ, ಸೀಳಿಗೆ ಅಡ್ಡಲಾಗಿ ಸ್ಕ್ರೂವಿನಂತೆ ಸುತ್ತುಗೆರೆ ಇರುವ ಹಿತ್ತಾಳೆಯ ಸಣ್ಣ ಕಂಬಿ ಕೂರಿಸಿದರೆ ಹೊರಗೆ ಏನೂ ಕಾಣಿಸಲ್ಲ. ಮತ್ತೆ ಜೋಡಿಸುವಾಗ ಹಿಂದಕ್ಕೆ ಚಾಚಿರುವ ಆ ಕಬ್ಬಿಣದ ಪಟ್ಟಿಯ ಹಿಂತುದಿಗೂ ಮರಕ್ಕೂ ನಡುವೆ ಕಾಗದದಷ್ಟು ಸಂದು ಬಿಡಿಸಿಕೊಳ್ಳಿ. ಇದನ್ನು ಮರೆತರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಹಾರಿಹೋದ ಮೂಲೆಗೆ ಅಕ್ರೋಟಿನ ತುಂಡನ್ನೇ ಹುಡುಕಿ, ಎಳೆಯ ದಿಕ್ಕು ನೋಡಿ ಕೂರಿಸಿ. ಸ್ವಲ್ಪ ಬಣ್ಣ ಬೇರೆ ಕಂಡರೆ ಕಾಣಲಿ ಬಿಡಿ.

ಗುರಿಕಾರ:
ಮರದ ಬಗ್ಗೆ ಮೇಲಿನ ಅಣ್ಣ ಎಲ್ಲ ಹೇಳಿದ್ದಾರೆ. ನಾನು ನಳಿಗೆ ಬಗ್ಗೆ ಹೇಳ್ತೀನಿ. "ನಾಟ್ ಫಾರ್ ಬಾಲ್" ಅನ್ನುವ ಮುದ್ರೆ ಹಾಕುತ್ತಿದ್ದದ್ದು 1875ರಿಂದ 1887ರವರೆಗೆ, ನಳಿಗೆಯ ಬಲ ಪರೀಕ್ಷಿಸುವ ಇಂಗ್ಲೆಂಡಿನ ಪರೀಕ್ಷಾ ಮನೆಗಳಲ್ಲಿ. ನಳಿಗೆಯ ಬಾಯಿ ಕಿರಿದು ಮಾಡಿದೆ, ಒಂಟಿ ಗುಂಡು ಹಾಕಬೇಡಿ, ಚರೆ (ಸಣ್ಣ ಸಣ್ಣ ಗುಂಡುಗಳು) ಮಾತ್ರ ಅಂತ ಅರ್ಥ. ಅಂದರೆ ಆ ಕಾಲದಲ್ಲಿ ಪರೀಕ್ಷೆ ಆಗಿದ್ದು ಕರಿಮದ್ದಿಗೆ. ಈಗಿನ ಹೊಗೆರಹಿತ ಮದ್ದಿನ ತೋಟಾ ಅದಕ್ಕಲ್ಲ. ಹಳೆಯ 12 ಬೋರಿನಲ್ಲಿ ತೋಟಾ ಕೂರುವ ಕೋಣೆ ಸಾಮಾನ್ಯವಾಗಿ 65 ಮಿ.ಮೀ., ಈಗ ಸಿಗುವುದು 70 ಮಿ.ಮೀ. ತೋಟಾ. ಒಳಗೆ ಹೋಗುತ್ತದೆ, ಹಾರಿದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ಮೇಲೆ ಸುರುಳಿ ಸುರುಳಿ ಗೆರೆ ಕಾಣುತ್ತಾ? ಕಂಡರೆ ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು, ಸುತ್ತಿ, ಬೆಸೆದದ್ದು. ಬೆಸುಗೆಯೊಳಗೆ ತುಕ್ಕು ಹಿಡಿದಿದ್ದರೆ ಹೊರಗಿನಿಂದ ಗೊತ್ತೇ ಆಗಲ್ಲ.

ಚಿಕ್ಕಪ್ಪನವರಿಗೆ ತೆಂಗಿನಕಾಯಿಗೆ ಬೇರೆ ಕೋವಿ ಕೊಡಿ. ಇದು ಪೂಜೆಗೆ ಇರಲಿ.

ಇನ್ನೊಂದು. ನಮಗೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಒಯ್ಯಲು. ರಿಪೇರಿ ಮಾಡುವವನಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಇಡೀ ಕೋವಿಯನ್ನು ಆಚಾರಿ ಮನೆಯಲ್ಲಿ ಬಿಟ್ಟು ಬರಬೇಡಿ.

ತೋಟದಮನೆ:
ಸುರುಳಿ ಗೆರೆ ಇದೆ, ಬೆಳಕಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಚಿಕ್ಕಪ್ಪನಿಗೆ ಓದಿ ಹೇಳಿದೆ. "ನನ್ನ ತಾತ ಇದರಲ್ಲೇ ಹಂದಿ ಹೊಡೆದಿದ್ದರು" ಅಂತ ಮುಖ ಊದಿಸಿಕೊಂಡಿದ್ದಾರೆ, ಸರಿಹೋಗುತ್ತಾರೆ. ಅಣ್ಣ, ಕೊನೆಗೆ ಪಾಲಿಶ್ ಯಾವುದು? ಇಲ್ಲಿ ಎಲ್ಲರೂ ಮೆಲಮೈನ್ ಅಂತಾರೆ.

ಹಳೇಮರ_ಮೈಸೂರು:
ಮೆಲಮೈನ್ ಸೋಫಾಗೆ. ಇದಕ್ಕೆ ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಕೇಳಿ. ಅಂಗೈಗೆ ಒಂದೆರಡು ಹನಿ ಹಾಕಿ, ಬಿಸಿಯಾಗುವವರೆಗೂ ಉಜ್ಜಿ. ಪೂರ್ತಿ ಒಣಗಿದ ಮೇಲೆ ಮುಂದಿನ ಪದರ ಹಚ್ಚಿ. ನಿಮ್ಮ ಮಳೆಗಾಲದಲ್ಲಿ ಒಣಗಲ್ಲ, ಬೇಸಿಗೆಗೆ ಇಟ್ಟುಕೊಳ್ಳಿ. ಕಬ್ಬಿಣದ ಅಂಚಿನ ಹತ್ತಿರ ಮರಳುಕಾಗದ ಆಡಿಸಬೇಡಿ, ಮರ ತಗ್ಗಾಗಿ ಕಬ್ಬಿಣ ಎದ್ದು ನಿಲ್ಲುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹಗ್ಗದ ಮೇಲೆ ಹರಡಿ. ಬೀರುವಿನಲ್ಲಿ ಇನ್ನು ಮೇಲೆ ನಳಿಗೆ ಕೆಳಗೆ ಮಾಡಿ ನಿಲ್ಲಿಸಿ, ಬಾಯಿಗೆ ಒಂದು ಬಟ್ಟೆಯ ಮೆತ್ತೆ ಕೊಡಿ.