ಪದಚರ್ಚೆ: 'ಋಣಾತ್ಮಕ ಪುನರ್ಬಲನ'ಕ್ಕೆ 'ಕಳೆದು ಗಟ್ಟಿ ಮಾಡುವುದು' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ವಿಜಯಪುರದಲ್ಲಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವವರಿಗೆ ನಾನು ಮನೋವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಒಂದೇ ಪದದ ಹತ್ತಿರ ತರಗತಿ ಮುಗ್ಗರಿಸುತ್ತದೆ. 'ಋಣಾತ್ಮಕ ಪುನರ್ಬಲನ', ಇಂಗ್ಲಿಷಿನ ನೆಗೆಟಿವ್ ರಿಇನ್ಫೋರ್ಸ್‌ಮೆಂಟ್. ಬೇಡದ್ದೊಂದು ತಪ್ಪಿದ್ದರಿಂದ ಒಂದು ರೂಢಿ ಗಟ್ಟಿಯಾಗುವುದು ಎಂದರ್ಥ. ಉದಾಹರಣೆ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಜನ "ಮಾಸ್ತರು ಹೊಡೆಯುವುದು", "ಬಿಸಿಲಲ್ಲಿ ನಿಲ್ಲಿಸುವುದು" ಎಂದು ಬರೆಯುತ್ತಾರೆ. ಅದು ಶಿಕ್ಷೆ. ಇವರೆಲ್ಲ ಜಾಣರು, ಕಷ್ಟಪಟ್ಟು ಓದುವವರು. ತಪ್ಪು ಅವರದಲ್ಲ, ಪದದ್ದೇ ಎಂದು ನನಗೆ ಅನಿಸತೊಡಗಿದೆ.

ವಿಷಯ ಇಷ್ಟು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಒಂದು ಪೆಟ್ಟಿಗೆಯಲ್ಲಿ ಇಲಿ ಬಿಟ್ಟರು. ಅದರೊಳಗಿನ ಸನ್ನೆ (ಲಿವರ್) ಒತ್ತಿದರೆ ತಿನ್ನಲು ಏನಾದರೂ ಬೀಳುತ್ತದೆ. ಇಲಿ ಮತ್ತೆ ಮತ್ತೆ ಒತ್ತುತ್ತದೆ. ಇದು ಧನಾತ್ಮಕ ಪುನರ್ಬಲನ. ಇಂಥದೇ ಪೆಟ್ಟಿಗೆಯ ಇನ್ನೊಂದು ಬಗೆಯ ಪ್ರಯೋಗದಲ್ಲಿ ನೆಲದ ಸರಳುಗಳಿಗೆ ಸಣ್ಣಗೆ ಕರೆಂಟ್ ಕೊಟ್ಟಿರುತ್ತಾರೆ. ಸನ್ನೆ ಒತ್ತಿದ ಕೂಡಲೇ ಅದು ನಿಲ್ಲುತ್ತದೆ. ಆಗಲೂ ಇಲಿ ಒತ್ತುವುದನ್ನು ಕಲಿಯುತ್ತದೆ. ಇದು ಋಣಾತ್ಮಕ. ಎರಡರಲ್ಲೂ ಒತ್ತುವ ರೂಢಿ ಗಟ್ಟಿಯೇ ಆಗುತ್ತದೆ. ಒಂದರಲ್ಲಿ ಏನೋ ಬಂದು ಗಟ್ಟಿಯಾಯಿತು, ಇನ್ನೊಂದರಲ್ಲಿ ಏನೋ ಹೋಗಿ ಗಟ್ಟಿಯಾಯಿತು. ಶಿಕ್ಷೆಯಲ್ಲಿ ಹಾಗಲ್ಲ, ಮಾಡುವ ಕೆಲಸವೇ ತಗ್ಗುತ್ತದೆ. ಈ ಗೊಂದಲ ನಮಗಷ್ಟೇ ಆದದ್ದೂ ಅಲ್ಲ. ಸ್ಕಿನ್ನರ್ ತಾವೇ 1938ರಲ್ಲಿ ನೆಗೆಟಿವ್ ರಿಇನ್ಫೋರ್ಸ್‌ಮೆಂಟ್ ಎಂಬ ಪದವನ್ನು ಶಿಕ್ಷೆಯ ಅರ್ಥದಲ್ಲಿ ಬಳಸಿದ್ದರು. 1953ರ ಹೊತ್ತಿಗೆ ಈಗಿನ ಅರ್ಥಕ್ಕೆ ಬಂದರು.

ಹೋದ ತಿಂಗಳು ಇಂಡಿ ಕಡೆಯ ಒಬ್ಬ ಹುಡುಗ ತರಗತಿಯಲ್ಲಿ ಕೇಳಿದ: "ಸರ್, ಎತ್ತಿಗೆ ಬಾರಕೋಲಿಲೆ ಹೊಡಿತೀವಲ್ರಿ, ಅದು ಯಾವುದು?" ನಾನು ಶಿಕ್ಷೆ ಅಂದೆ. ಅವನು ಸುಮ್ಮನಾಗಲಿಲ್ಲ. "ಎತ್ತು ಜೋರ ನಡದ ಮ್ಯಾಲೆ ಹೊಡಿಯೂದು ಬಿಡ್ತೀವ್ರಿ. ಬಿಟ್ಟಿದ್ದೂ ಅದಕ ಗೊತ್ತಾಗತೈತ್ರಿ." ನಾನು ಸೀಮೆಸುಣ್ಣ ಕೆಳಗಿಟ್ಟು ನಿಂತೆ. ಅವನು ಹೇಳಿದ್ದು ಸರಿ. ಏಟು ಬಿದ್ದದ್ದರಿಂದ ನಿಧಾನ ನಡೆಯುವುದು ತಗ್ಗಿತು, ಅದು ಶಿಕ್ಷೆ. ಏಟು ನಿಂತದ್ದರಿಂದ ಜೋರು ನಡೆಯುವುದು ಹೆಚ್ಚಿತು, ಅದು ಋಣಾತ್ಮಕ ಪುನರ್ಬಲನ. ಬಾರಕೋಲು ಒಂದೇ, ನಡೆದದ್ದು ಎರಡು. ಆ ದಿನ ಇಡೀ ತರಗತಿಗೆ ಅರ್ಥವಾಯಿತು. ಅರ್ಥ ಮಾಡಿಸಿದ್ದು ಎತ್ತು, ಪುಸ್ತಕದ ಪದ ಅಲ್ಲ.

ಈಗ ಪದಕ್ಕೆ ಬರುತ್ತೇನೆ. ಋಣ ಅಂದರೆ ನಮಗೆ ಸಾಲ. ಅನ್ನದ ಋಣ, ತಾಯಿಯ ಋಣ, ಋಣಾನುಬಂಧ. ಲೆಕ್ಕದಲ್ಲಿ ಧನ, ಋಣ ಎನ್ನುವುದು ಬಹಳ ಹಳೆಯದು. 7ನೇ ಶತಮಾನದಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಕೂಡುವ ಸಂಖ್ಯೆಗೆ ಆಸ್ತಿಯ ಹೆಸರು, ಕಳೆಯುವ ಸಂಖ್ಯೆಗೆ ಸಾಲದ ಹೆಸರು ಕೊಟ್ಟಿದ್ದ. 12ನೇ ಶತಮಾನದ ಭಾಸ್ಕರಾಚಾರ್ಯರೂ ಇವೇ ಪದ ಬಳಸಿದರು. (ಅವರು ನಮ್ಮೂರಿನವರೇ ಎಂದು ಇಲ್ಲಿಯವರಿಗೆ ಅಭಿಮಾನ. ವಿದ್ವಾಂಸರಲ್ಲಿ ಆ ಬಗ್ಗೆ ಒಮ್ಮತವಿಲ್ಲ.) ಲೆಕ್ಕಕ್ಕೆ ಅದು ಚೆನ್ನಾಗಿಯೇ ಹೊಂದಿತು. ಆದರೆ ಈಗ 'ಋಣಾತ್ಮಕ ಯೋಚನೆ', 'ಋಣಾತ್ಮಕ ಮನೋಭಾವ' ಎಂದು ಓದಿ ಓದಿ ಆ ಪದಕ್ಕೆ 'ಕೆಟ್ಟದ್ದು' ಎಂಬ ಬಣ್ಣ ಹತ್ತಿಬಿಟ್ಟಿದೆ. ನೆಗೆಟಿವ್ ಎಂದರೂ ಅದೇ ಕಥೆ, ಕೊರೊನಾ ಪರೀಕ್ಷೆಯ ದಿನಗಳನ್ನು ಬಿಟ್ಟು. ಆಗ ಮಾತ್ರ 'ನೆಗೆಟಿವ್ ಬಂತು' ಎಂದರೆ ಮನೆಯವರೆಲ್ಲ ಉಸಿರು ಬಿಡುತ್ತಿದ್ದರು.

'ಪುನರ್ಬಲನ'ದ ಬಗ್ಗೆಯೂ ನನಗೆ ಸಮಾಧಾನವಿಲ್ಲ. 'ಪುನಃ' ಕೇಳಿದ ಕೂಡಲೇ ಹುಡುಗರು 'ಮತ್ತೆ ಬಲ ಕೊಡುವುದು' ಎಂದು ಬಿಡಿಸುತ್ತಾರೆ. ಅದು ಹೋಗಲಿ, ಇನ್ನೊಮ್ಮೆ ನೋಡೋಣ.

ತರಗತಿಯಲ್ಲಿ ನಾನು ಈಗ ಹೀಗೆ ಹೇಳುತ್ತಿದ್ದೇನೆ: ಕೂಡಿ ಗಟ್ಟಿ ಮಾಡುವುದು, ಕಳೆದು ಗಟ್ಟಿ ಮಾಡುವುದು, ಕೂಡಿ ತಗ್ಗಿಸುವುದು, ಕಳೆದು ತಗ್ಗಿಸುವುದು. ಕೊನೆಯ ಎರಡೂ ಶಿಕ್ಷೆಗಳೇ. ಏಟು ಕೊಟ್ಟರೆ ಮೂರನೆಯದು, ಆಟದ ಪಿರಿಯಡ್ ಕಿತ್ತುಕೊಂಡರೆ ನಾಲ್ಕನೆಯದು. ಕೂಡುವ ಲೆಕ್ಕ, ಕಳೆಯುವ ಲೆಕ್ಕ ಒಂದನೇ ತರಗತಿಯಿಂದ ಗೊತ್ತಿರುವುದರಿಂದ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ನನ್ನ ಅನುಮಾನ 'ಕಳೆ' ಬಗ್ಗೆ. ನಮ್ಮ ಕಡೆ "ಚಪ್ಪಲಿ ಕಳದ ಒಳಗ ಬಾ", "ಅಂಗಿ ಕಳಿ" ಅನ್ನುತ್ತೇವೆ. ಮೈಮೇಲಿದ್ದದ್ದನ್ನು ತೆಗೆದಿಡುವುದು ಎಂದರ್ಥ. ಕರೆಂಟ್ ನಿಂತ ಇಲಿಗೂ, ಏಟು ನಿಂತ ಎತ್ತಿಗೂ ಅದು ಸರಿಯಾಗಿ ಕೂಡುತ್ತದೆ. ಮೈಸೂರು, ಮಂಡ್ಯ ಕಡೆಯವರು ಚಪ್ಪಲಿ ಬಿಡುತ್ತಾರೆ, ಅಂಗಿ ಬಿಚ್ಚುತ್ತಾರೆ, ಅಲ್ವಾ? ಅವರಿಗೆ 'ಕಳೆದು' ಎಂದರೆ 'ಕಳೆದುಕೊಂಡು' ಎಂದು ಕೇಳಿಸಬಹುದೇ? 'ತೆಗೆದು ಗಟ್ಟಿ ಮಾಡುವುದು' ಎಂದರೆ ಎಲ್ಲರಿಗೂ ನಡೆಯುತ್ತದೆ, ಆದರೆ ಕೂಡುವುದರ ಜೋಡಿ ತಪ್ಪಿಹೋಗುತ್ತದೆ.

ಇನ್ನೊಂದು ಸಹಾಯ ಬೇಕು. ಕಳೆದ ವಾರ ಶಾಸ್ತ್ರಿ ಮಾರ್ಕೆಟ್‌ನಲ್ಲಿ ಒಂದು ಮಗು ಬಲೂನಿಗೆ ಹಟ ಹಿಡಿದು ನೆಲಕ್ಕೆ ಕೂತು ಅಳುತ್ತಿತ್ತು. ತಾಯಿ ಎರಡು ಸಲ ಬೈದಳು, ಮೂರನೇ ಸಲ ಕೊಡಿಸಿದಳು. ಅಳು ಗಕ್ಕನೆ ನಿಂತಿತು. ಬಲೂನ್ ಸಿಕ್ಕಿದ್ದಕ್ಕೆ ಮಗುವಿನ ಅಳುವ ರೂಢಿ ಗಟ್ಟಿಯಾಯಿತು. ಅಳು ನಿಂತದ್ದಕ್ಕೆ ತಾಯಿಯ ಕೊಡಿಸುವ ರೂಢಿಯೂ ಗಟ್ಟಿಯಾಯಿತು. "ಕಿರಿಕಿರಿ ತಪ್ಪಿತಲ್ಲ, ಸಾಕವ್ವ" ಎಂದು ಅವಳು ಪಕ್ಕದವಳಿಗೆ ಹೇಳಿದಳು. ಹೀಗೆ ಕಾಟ ತಪ್ಪಿ ಸಿಗುವ ಹಗುರಿಗೆ ಬಾಗಲಕೋಟೆ, ಬೆಳಗಾವಿ ಕಡೆ ಒಂದೇ ಮಾತಿನ ಹೆಸರು ಯಾವುದಾದರೂ ಇದೆಯೇ? ಅಜ್ಜಿಯರ ಬಾಯಲ್ಲಿ ಕೇಳಿದ ಪದವಾದರೂ ಸರಿ, ಯಾವ ಊರಲ್ಲಿ ಕೇಳಿದಿರಿ ಎಂದು ಜೊತೆಗೆ ಬರೆಯಿರಿ.