ಕೆಳಗೆ ದೋಣಿ ಓಡುವಾಗ ಮೇಲೆ ಸೇತುವೆ ಕೀಳೋದು: ಗುಂಪಿನ ಪ್ರಶ್ನೋತ್ತರ

ಪ್ರಶ್ನೆ: ಸೈಟ್ ಎಂಜಿನಿಯರ್, ಗುಬ್ಬಿ
ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆ ಹೊಳೆಗಳಲ್ಲಿ, ಅಂದ್ರೆ ಜಯಮಂಗಲಿ, ಸುವರ್ಣಮುಖಿ ಇಂಥ ಕಡೆ, ಹಳೆ ಸೇತುವೆ ಕೀಳೋದು ಗೊತ್ತಿರೋ ಕೆಲಸ. ಪಕ್ಕದಲ್ಲಿ ಹ್ಯೂಮ್ ಪೈಪ್ ಇಟ್ಟು, ಮಣ್ಣು ಏರಿಸಿ ಬದಲಿ ದಾರಿ ಮಾಡಿದ್ರೆ ಅರ್ಧ ತಲೆನೋವು ಮುಗೀತು. ಈಗ ಉತ್ತರ ಕನ್ನಡದ ಅಳಿವೆ ಹತ್ತಿರ, ವರ್ಷಪೂರ್ತಿ ನೀರಿರೋ ಹೊಳೆ ಮೇಲಿನ ಸೇತುವೆ ತೆಗೆದು ಅಲ್ಲೇ ಹೊಸದು ಕಟ್ಟೋ ಟೆಂಡರ್‌ಗೆ ಮೆಥಡ್ ಸ್ಟೇಟ್‌ಮೆಂಟ್ (ಕೆಲಸ ಹೇಗೆ ಮಾಡ್ತೀವಿ ಅನ್ನೋ ವಿವರಣೆ) ಬರೀಬೇಕು. 30 ಮೀಟರಿನ 9 ಸ್ಪ್ಯಾನ್ (ಎರಡು ಕಂಬದ ನಡುವಿನ ಅಂಕಣ). ಕೆಳಗೆ ದಿನಾ ಮೀನುಗಾರರ ದೋಣಿ ಓಡಾಡ್ತವೆ. "ದೋಣಿ ಸಂಚಾರ ಸುರಕ್ಷತೆ" ಅಂತ ಒಂದು ಅಧ್ಯಾಯ ಕೇಳಿದಾರೆ. ಎಚ್ಚರಿಕೆ ಬೋರ್ಡು, ಕೆಂಪು ದೀಪ, ಲೈಫ್ ಜಾಕೆಟ್ ಅಂತ ಬರೆದಿದೀನಿ. ಸಾಕಾ ಸಾರ್?

ಉತ್ತರ: ಸೇತುವೆ ಎಂಜಿನಿಯರ್, ತುಮಕೂರು
ಸಾಲದು. ನೀವು ಬರೆದಿರೋದು ಕೆಲಸಗಾರರ ಸುರಕ್ಷತೆ. ದೋಣಿಯವನ ದಾರಿಯೇ ಅದರಲ್ಲಿಲ್ಲ.

ಮೊದಲು ದೋಣಿ ದಾರಿ ಗೊತ್ತುಮಾಡಿ, ಉಳಿದ ಜಾಗದಲ್ಲಿ ನಿಮ್ಮ ಸ್ಟೇಜಿಂಗ್ (ತಾತ್ಕಾಲಿಕ ಆಸರೆ ಕಟ್ಟು), ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ), ಕ್ರೇನ್ ಕೂರಿಸಿ. ಎಲ್ಲರೂ ಇದನ್ನ ತಲೆಕೆಳಗು ಮಾಡ್ತಾರೆ. ತಮಗೆ ಬೇಕಾದ ಕಡೆ ಬಾರ್ಜ್ ನಿಲ್ಲಿಸಿ, ಮಿಕ್ಕ ಸಂದಿಗೆ ಬಾಣದ ಗುರುತು ಬಡೀತಾರೆ. ಆ ಸಂದಿ ನಕ್ಷೆಯಲ್ಲಿ 28 ಮೀಟರ್ ಇರುತ್ತೆ, ನೀರಲ್ಲಿ ಇರಲ್ಲ. ನಿಮ್ಮ ಸ್ಪ್ಯಾನ್‌ನೇ ತಗೊಳ್ಳಿ. 30 ಮೀಟರಲ್ಲಿ ಕಂಬದ ದಪ್ಪ 2 ಮೀಟರ್ ಹೋದ್ರೆ 28. ಎರಡೂ ಕಡೆ ತಾತ್ಕಾಲಿಕ ಪೈಲು, ಅದರ ಬ್ರೇಸಿಂಗು, ಹೊರಗೆ ಚಾಚಿದ ನಡೆದಾರಿ ಸೇರಿ ನಾಲ್ಕು ನಾಲ್ಕು ಮೀಟರ್ ನುಂಗಿದ್ರೆ 20. ಐದಾರು ಮೀಟರ್ ಅಗಲದ ಟ್ರಾಲ್ ಬೋಟು ಎರಡು ಎದುರುಬದುರು ಬಂದ್ರೆ ಕಾಗದದ ಮೇಲೆ ಹಿಡಿಸ್ತವೆ, ಸೆಳವಿನಲ್ಲಿ ಅಡ್ಡ ತಿರುಗಿದ್ರೆ ಹಿಡಿಸಲ್ಲ. ಹಾಗಾಗಿ 20 ಮೀಟರಿನ ಬಾಯಿಯನ್ನ ಏಕಮುಖ ದಾರಿ ಅಂತಲೇ ಘೋಷಿಸಿ. ಸೆಳವಿನ ಜೊತೆ ಬರೋನಿಗೆ ಮೊದಲ ಹಕ್ಕು, ಯಾಕಂದ್ರೆ ಅವನಿಗೆ ನಿಲ್ಲೋಕಾಗಲ್ಲ. ಎದುರು ಬರೋನು ಎಂಜಿನ್ ಜೋರಿನಲ್ಲಿ ನಿಂತಲ್ಲೇ ಕಾಯಬಲ್ಲ.

ಎರಡನೇ ಲೆಕ್ಕ ಸೆಳವು. 9 ಸ್ಪ್ಯಾನ್‌ನಲ್ಲಿ 3ನ್ನ ನೀವು ಮಣ್ಣೇರಿ, ಕಾಫರ್‌ಡ್ಯಾಮ್‌ನಿಂದ (ನೀರು ತಡೆಯೋ ತಾತ್ಕಾಲಿಕ ಕಟ್ಟೆ) ಮುಚ್ಚಿದ್ರೆ ಅಷ್ಟೂ ನೀರು ಉಳಿದ 6ರಲ್ಲಿ ಹೋಗ್ಬೇಕು. ಸೆಕೆಂಡಿಗೆ 1 ಮೀಟರ್ ಇದ್ದ ಸೆಳವು ಹೆಚ್ಚುಕಡಿಮೆ ಒಂದೂವರೆ ಆಗುತ್ತೆ. ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರೋದ್ರಿಂದ ಅದು ಎರಡೂಕಾಲು ಪಟ್ಟು. ಹತ್ತು ಎಚ್‌ಪಿ ಔಟ್‌ಬೋರ್ಡ್ ಹಾಕಿಕೊಂಡು ವರ್ಷಗಟ್ಟಲೆ ಅಲ್ಲಿ ದಾಟಿದವನಿಗೆ ಒಂದು ದಿನ ಬೆಳಿಗ್ಗೆ ಹೊಳೆಯೇ ಬೇರೆ ಆಗಿರುತ್ತೆ. ಈ ಹೆಚ್ಚಿದ ಸೆಳವು ತೆರೆದ ಸ್ಪ್ಯಾನ್‌ನ ತಳವನ್ನೂ ಕೊರೆಯುತ್ತೆ. ಆದ್ದರಿಂದ ಒಂದೇ ಸಲಕ್ಕೆ ಎಷ್ಟು ಸ್ಪ್ಯಾನ್ ಮುಚ್ಚಬಹುದು ಅನ್ನೋ ಮಿತಿ ನಿಮ್ಮ ಅಧ್ಯಾಯದ ಮೊದಲ ಪುಟದಲ್ಲೇ ಇರಲಿ.

ಮರುಪ್ರಶ್ನೆ: ಗುಬ್ಬಿ
ಎಚ್ಚರಿಕೆ ಎಷ್ಟು ದೂರದಿಂದ ಶುರು ಆಗ್ಬೇಕು? ಸೇತುವೆಗೆ 100 ಮೀಟರ್ ಹಿಂದೆ ತೇಲುಬುರುಡೆ ಅಂತ ಹಾಕಿದೀನಿ.

ಉತ್ತರ: ಸೇತುವೆ ಎಂಜಿನಿಯರ್, ತುಮಕೂರು
ಎಂಜಿನ್ ನಿಂತ ದೋಣಿಯನ್ನ ಲೆಕ್ಕಕ್ಕೆ ತಗೊಳ್ಳಿ. ಸೆಕೆಂಡಿಗೆ ಒಂದೂವರೆ ಮೀಟರ್ ಸೆಳವಿನಲ್ಲಿ 100 ಮೀಟರ್ ಅಂದ್ರೆ ಒಂದು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಅವನು ದಾರ ಎಳೆದು ಎಂಜಿನ್ ಮತ್ತೆ ಹೊಡೆಯೋಕೆ ನೋಡ್ತಾ ಇರ್ತಾನೆ, ಲಂಗರು ನೆನಪಾಗಿರಲ್ಲ. ಮೊದಲ ಗುರುತು 500 ಮೀಟರಿಗೆ ಹಾಕಿದ್ರೆ ಐದು ನಿಮಿಷ ಸಿಗುತ್ತೆ. ಅಳಿವೆ ಹೊಳೆಯಲ್ಲಿ ಭರತ ಬಂದಾಗ ಸೆಳವು ಮೇಲ್ಮುಖ, ಇಳಿತದಲ್ಲಿ ಕೆಳಮುಖ. ಹಾಗಾಗಿ ಇದೇ ವ್ಯವಸ್ಥೆ ಸೇತುವೆಯ ಎರಡೂ ಕಡೆ ಬೇಕು. ನಮ್ಮ ಬಯಲುಸೀಮೆಯವರು ಮರೆಯೋದೇ ಇದನ್ನ, ನಮ್ಮ ಹೊಳೆ ಹರಿದ್ರೆ ಒಂದೇ ಕಡೆಗೆ ತಾನೇ!

ಉತ್ತರ: ಬಾರ್ಜ್ ಕೆಲಸ ಬಲ್ಲವರು, ಸದ್ಯ ಕೋಲಾರ
ಗುರುತಿನ ಬಗ್ಗೆ ನಾನು ಸೇರಿಸ್ತೀನಿ. ಭಾರತ ಇರೋದು ಐಎಎಲ್‌ಎ (ಜಲಮಾರ್ಗದ ಗುರುತುಗಳ ಅಂತರರಾಷ್ಟ್ರೀಯ ಸಂಸ್ಥೆ) ಮಾಡಿದ ಎ ವಲಯದಲ್ಲಿ. ಸಮುದ್ರದಿಂದ ಒಳಗೆ ಬರೋವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಸೇತುವೆ ಮೇಲೆ ಎಡಕ್ಕೆ ಕೆಂಪು ಚೌಕ, ಬಲಕ್ಕೆ ತುದಿ ಮೇಲಿರೋ ಹಸಿರು ತ್ರಿಕೋನ. ದಾಟಬೇಕಾದ ಜಾಗದ ನೆತ್ತಿ ಮೇಲೆ ಕೆಂಪು-ಬಿಳಿ ಉದ್ದಪಟ್ಟೆಯ ದುಂಡು ಫಲಕ, ರಾತ್ರಿ ಅಲ್ಲಿ ಬಿಳಿ ದೀಪ. ಮುಚ್ಚಿದ ಸ್ಪ್ಯಾನ್‌ಗೆ "ಪ್ರವೇಶವಿಲ್ಲ" ಬೋರ್ಡು ಸಾಲದು, ಬಾಯಿಗೆ ತೇಲುವ ತಡೆ ಹಾಕಿ.

ಬಾರ್ಜ್ ಮೇಲಿನ ಸಂಕೇತ ಬೇರೆ. ಅಲುಗಾಡೋಕಾಗದೆ ನೀರೊಳಗೆ ಕೆಲಸ ಮಾಡ್ತಿರೋ ಬಾರ್ಜ್ ರಾತ್ರಿ ಮೇಲಿಂದ ಕೆಳಕ್ಕೆ ಕೆಂಪು-ಬಿಳಿ-ಕೆಂಪು ದೀಪ ತೋರಿಸ್ಬೇಕು. ಹಗಲಲ್ಲಿ ಕಪ್ಪು ಗುಂಡು, ವಜ್ರಾಕಾರ, ಗುಂಡು. ಅಡ್ಡಿ ಇರೋ ಪಕ್ಕಕ್ಕೆ ಎರಡು ಕೆಂಪು ದೀಪ, ಹಾಯಬಹುದಾದ ಪಕ್ಕಕ್ಕೆ ಎರಡು ಹಸಿರು. ಹಗಲಿಗೆ ಎರಡು ಗುಂಡು, ಎರಡು ವಜ್ರ. ಮುಳುಗುಗಾರರು ಇಳಿದಿದ್ರೆ ಕನಿಷ್ಠ 1 ಮೀಟರ್ ಎತ್ತರದ ಗಟ್ಟಿ ಹಲಗೆಯ, ಅಂತರರಾಷ್ಟ್ರೀಯ ಸಂಕೇತದ ನೀಲಿ-ಬಿಳಿ ಎ ಬಾವುಟ. ಬಟ್ಟೆಯದು ಗಾಳಿ ಇಲ್ಲದಾಗ ಜೋಲು ಬೀಳುತ್ತೆ. ಇಷ್ಟು ಕೆಂಪು-ಹಸಿರು ಇರೋ ಜಾಗದಲ್ಲಿ ಕ್ಯಾಂಪಿನ ಹುಡುಗರು ಹಬ್ಬಕ್ಕೆ ಬಣ್ಣದ ಸೀರಿಯಲ್ ಸೆಟ್ ಕಟ್ಟಿದ್ರೆ ಮೊದಲು ಅದನ್ನ ಕೀಳಿಸಿ.

ಇದಕ್ಕಿಂತ ದೊಡ್ಡ ಅಪಾಯ ಲಂಗರಿನ ತಂತಿಹಗ್ಗ. ಬಾರ್ಜ್‌ನ ನಾಲ್ಕು ಮೂಲೆಯಿಂದ ನಾಲ್ಕು ಹಗ್ಗ ಹೊರಡ್ತವೆ, ದೋಣಿ ದಾರಿ ಕಡೆಯ ಎರಡು ಹಗ್ಗ ನೀರಿನ ಮಟ್ಟದ ಸ್ವಲ್ಪ ಕೆಳಗೇ ಬಿಗಿದಿರ್ತವೆ. ಪ್ರೊಪೆಲ್ಲರ್ ಸಿಕ್ಕಿಕೊಂಡ್ರೆ ದೋಣಿ ಅಲ್ಲೇ ಮಗುಚುತ್ತೆ. ಆ ಪಕ್ಕಕ್ಕೆ ಹಗ್ಗವೇ ಬೇಡ, ತಳಕ್ಕೆ ನೆಡೋ ಸ್ಪಡ್ ಕಂಬ ಹಾಕಿ. ಹಗ್ಗವೇ ಗತಿ ಅಂದ್ರೆ ಬಾರ್ಜ್ ಹತ್ತಿರವೇ ಭಾರ ಕಟ್ಟಿ ಅದನ್ನ ತಳಕ್ಕೆ ಇಳಿಸಿ, ಲಂಗರು ಬಿದ್ದ ಜಾಗದ ಮೇಲೆ ಹಳದಿ ಬುರುಡೆ ಬಿಡಿ. ನೀರಿಳಿದಾಗ ಹಗ್ಗ ಸಡಿಲವಾಗುತ್ತೆ, ಏರಿದಾಗ ಬಿಗಿಯಾಗುತ್ತೆ. ಬೆಳಿಗ್ಗೆ ನೋಡಿ ಸರಿ ಇದೆ ಅಂದುಕೊಂಡದ್ದು ಮಧ್ಯಾಹ್ನಕ್ಕೆ ಸರಿ ಇರಲ್ಲ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದವರು, ಶಿರಾ
ರಾತ್ರಿ ಕೆಲಸಕ್ಕೆ ಫ್ಲಡ್‌ಲೈಟ್ ಇದ್ದೇ ಇರುತ್ತಲ್ಲ, ಹೊಳೆಯೆಲ್ಲ ಬೆಳಕಾಗಿರುತ್ತೆ. ಬೇರೆ ದೀಪ ಯಾಕೆ?

ಉತ್ತರ: ಕೋಲಾರ
ಆ ಫ್ಲಡ್‌ಲೈಟೇ ಕಣ್ಣು ಕುಕ್ಕೋದು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಎದುರಿಂದ ಹೊಡೆದ ಬೆಳಕು ಎಲ್ಲ ಗುರುತಿನ ದೀಪವನ್ನೂ ನುಂಗುತ್ತೆ. ಫ್ಲಡ್‌ಲೈಟಿನ ಮುಖ ಕೆಳಕ್ಕೆ ಬಗ್ಗಿರಲಿ, ಹೊಳೆ ಉದ್ದಕ್ಕೆ ಬೇಡ. ಕಂಬದ ಮೈ ಮೇಲೆ ಬಿದ್ದ ಬೆಳಕು ಒಳ್ಳೇದು, ದೋಣಿಯವನಿಗೆ ಕಂಬ ಕಾಣುತ್ತೆ. ವೆಲ್ಡಿಂಗ್ ಮಾಡೋ ಕಡೆ ಪರದೆ ಕಟ್ಟಿ. ಎಲ್ಲ ಹಾಕಿದ ಮೇಲೆ ಎಂಜಿನಿಯರೇ ರಾತ್ರಿ ಒಮ್ಮೆ ದೋಣಿ ಹತ್ತಿ 500 ಮೀಟರಿಂದ ಬಂದು ನೋಡ್ಬೇಕು. ದಡದ ಮೇಲೆ ನಿಂತು ನೋಡಿದ್ರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ.

ಮರುಪ್ರಶ್ನೆ: ಗುಬ್ಬಿ
ಎತ್ತರದ ಬೋರ್ಡು ಹೇಗೆ ಬರೆಸೋದು? ಮೂಲ ನಕ್ಷೆಯಲ್ಲಿ ಕೆಳಗಿನ ತೆರಪು 6 ಮೀಟರ್ ಅಂತ ಇದೆ.

ಉತ್ತರ: ಸೇತುವೆ ಎಂಜಿನಿಯರ್, ತುಮಕೂರು
ಆ 6 ಮರೆತುಬಿಡಿ. ಗರ್ಡರ್ (ಸೇತುವೆ ಹೊರೋ ಉದ್ದ ತೊಲೆ) ಕೆಳಗೆ ಬಲೆ ಕಟ್ಟಿದ್ರೆ ಬಲೆಯ ಜೋಲೇ ಅರ್ಧದಿಂದ ಒಂದು ಮೀಟರ್. ಅದರೊಳಗೆ ಸಿಮೆಂಟು ಚೂರು ಬಿದ್ದ ಮೇಲೆ ಇನ್ನೂ ಜಗ್ಗುತ್ತೆ. ಕಾರವಾರದ ಕಡೆ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತೆ. ದೊಡ್ಡ ಭರತದ ನೀರಿನಿಂದ ಬಲೆಯ ಅತಿ ಕೆಳಗಿನ ಬಿಂದುವಿನ ತನಕ ಅಳೆದು, ಅರ್ಧ ಮೀಟರ್ ಕಳೆದು ಬರೆಸಿ. ಜೊತೆಗೆ ಕಂಬದ ಮೇಲೆ ಅಳತೆಪಟ್ಟಿ ಬರೆಯೋದು ಒಳ್ಳೇದು, ಆದರೆ ನೀರಿನ ಆಳ ತೋರಿಸೋ ಪಟ್ಟಿ ಅಲ್ಲ. ನೀರು ಮುಟ್ಟಿದ ಗೆರೆಯಲ್ಲಿ ಮೇಲೆ ಎಷ್ಟು ತೆರಪು ಉಳಿದಿದೆ ಅಂತ ಓದೋ ಹಾಗೆ, ಮೇಲಕ್ಕೆ ಹೋದಂತೆ ಅಂಕಿ ಕಡಿಮೆಯಾಗೋ ತಿರುವುಪಟ್ಟಿ. ದೋಣಿಯವನು ಕೂಡಿ ಕಳೆಯೋ ಕೆಲಸ ಇರಬಾರದು.

ಬಲೆ ಇದೆ ಅಂತ ದೋಣಿ ಹಾಯೋ ಸ್ಪ್ಯಾನ್ ಮೇಲೆ ಕೆಲಸ ನಡೆಸೋದೂ ತಪ್ಪು. 8 ಮೀಟರಿಂದ ಜಾರಿದ ಬೋಲ್ಟು ಕೆಳಗೆ ಮುಟ್ಟೋವಾಗ ಗಂಟೆಗೆ 45 ಕಿ.ಮೀ. ವೇಗದಲ್ಲಿರುತ್ತೆ. ದೊಡ್ಡ ಕಣ್ಣಿನ ಬಲೆ ಆಳನ್ನ ಹಿಡಿಯುತ್ತೆ, ಬೋಲ್ಟನ್ನ ಹಿಡಿಯಲ್ಲ. ಒಳಗೆ ಸಣ್ಣಕಣ್ಣಿನ ಎರಡನೇ ಪದರ ಬೇಕು. ಗ್ಯಾಸ್ ಕಟಿಂಗ್ ಇದ್ರೆ ನೈಲಾನ್ ಬಲೆ ಸುಟ್ಟು ತೂತಾಗುತ್ತೆ, ಅಲ್ಲಿ ತಗಡಿನ ತಟ್ಟೆ.

ಪ್ರಶ್ನೆ: ಗುತ್ತಿಗೆದಾರರ ಕಡೆಯವರು, ಚಿಂತಾಮಣಿ
ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಇರುತ್ತಲ್ಲ. ದೊಡ್ಡ ದೋಣಿ ಇರಲ್ಲ. ಗರ್ಡರ್ ಇಳಿಸೋದನ್ನೆಲ್ಲ ಆ 61 ದಿನಕ್ಕೆ ಹಾಕಿಕೊಂಡ್ರೆ ಸಲೀಸಲ್ವಾ?

ಉತ್ತರ: ಸೇತುವೆ ಎಂಜಿನಿಯರ್, ತುಮಕೂರು
ಬಾರ್ ಚಾರ್ಟಿನಲ್ಲಿ (ಕೆಲಸದ ವೇಳಾಪಟ್ಟಿ) ಸಲೀಸು. ಆ 61 ದಿನ ಕರಾವಳಿಯಲ್ಲಿ ಹೊಳೆ ಮೈತುಂಬಿ ಹರಿಯೋ ಕಾಲ. ಮರದ ದಿಮ್ಮಿ ತೇಲಿ ಬರ್ತವೆ, ಬಾರ್ಜ್ ಲಂಗರು ಜಾರುತ್ತೆ. ಸಣ್ಣ ನಾಡದೋಣಿಗಳು ಆಗಲೂ ಇಳೀತವೆ. ನೀರಿನ ಮೇಲೆ ಭಾರ ಎತ್ತೋದನ್ನ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ದಡದ ಅಬಟ್‌ಮೆಂಟು (ಸೇತುವೆ ತುದಿಯ ಆಸರೆ ಗೋಡೆ), ಕ್ಯಾಸ್ಟಿಂಗ್ ಯಾರ್ಡು (ಗರ್ಡರ್ ಎರೆಯೋ ಅಂಗಳ), ಇವುಗಳ ಕೆಲಸ ಸಾಕು. ಮೇ ಕೊನೆಗೆ ದೋಣಿ ದಾರಿಯಿಂದ ಸ್ಟೇಜಿಂಗ್ ಪೂರ್ತಿ ಎತ್ತಿರಬೇಕು.

ದಾರಿ ಮುಚ್ಚಿ ಗರ್ಡರ್ ಇಳಿಸೋ ದಿನದ ಬಗ್ಗೆ: 30 ಮೀಟರ್ ಗರ್ಡರ್, ಅಡ್ಡಕೊಯ್ತ 0.8 ಚದರ ಮೀಟರ್ ಅಂದುಕೊಂಡ್ರೂ 60 ಟನ್. ಹಳೇದನ್ನ ಕ್ರೇನಿನಲ್ಲಿ ಎತ್ತೋ ಬದಲು ಭರತದಿಂದಲೇ ಎತ್ತಿಸಬಹುದು. ಇಳಿತದಲ್ಲಿ ಬಾರ್ಜ್ ಕೆಳಗೆ ತೂರಿಸಿ, ದಿಮ್ಮಿ ಜೋಡಿಸಿ ಕಾದರೆ ನೀರೇರಿದಂತೆ ಗರ್ಡರ್ ತಾನು ಕೂತ ಬೇರಿಂಗ್ ಬಿಟ್ಟು ಮೇಲೇಳುತ್ತೆ. ಕೆಡೋದು ಇಲ್ಲೇ. ಒಂದು ತುದಿ ಡಯಾಫ್ರಮ್‌ನ (ಗರ್ಡರುಗಳನ್ನ ಜೋಡಿಸೋ ಅಡ್ಡಗೋಡೆ) ಕತ್ತರಿಸದ ಕಂಬಿಗೆ ಸಿಕ್ಕಿಕೊಂಡು ಏಳದಿದ್ರೆ, ಬಾರ್ಜ್ ಒಂದು ಕಡೆ ಒತ್ತಿಹೋಗಿ ವಾಲುತ್ತೆ. ಆಗ ಎಳೆದಾಡಬೇಡಿ. ಬಾರ್ಜ್ ತೊಟ್ಟಿಗೆ ನೀರು ತುಂಬಿ ತಗ್ಗಿಸಿ ಹೊರಕ್ಕೆ ತನ್ನಿ. ಪಂಪು ಮೊದಲೇ ಚಾಲೂ ಮಾಡಿ ನೋಡಿರ್ಬೇಕು. ಎಲ್ಲಕ್ಕಿಂತ ಮುಂಚೆ, ಪ್ರಿಸ್ಟ್ರೆಸ್ (ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದ) ಗರ್ಡರನ್ನ ಕಂಬದ ಮೇಲಿರುವಾಗ ನಡುವೆ ಕತ್ತರಿಸೋ ಯೋಚನೆ ಬೇಡ. ಕೇಬಲ್ ಎಳೆತ ಬಿಟ್ಟರೆ ಎರಡೂ ತುಂಡು ಹೊಳೆಗೆ.

ಎರಡು ಗಂಟೆ ಕೆಲಸಕ್ಕೆ ನಾಲ್ಕು ಗಂಟೆ ಮುಚ್ಚುವ ಅನುಮತಿ ಕೇಳಿ. ತಡವಾಗಿ ತೆರೆದ ದಾರಿ ಒಂದು ಸಲ ಆದ್ರೆ, ಮುಂದಿನ ಸಲ ನಿಮ್ಮ ಕೆಂಪು ಬಾವುಟವನ್ನ ಯಾರೂ ಲೆಕ್ಕಕ್ಕಿಡಲ್ಲ. ಅನುಮತಿ ರಾಜ್ಯದ ಬಂದರು ಅಧಿಕಾರಿಯಿಂದ. ಕಾಳಿ 52ನೇ, ಶರಾವತಿ 90ನೇ ರಾಷ್ಟ್ರೀಯ ಜಲಮಾರ್ಗ, 2016ರ ಕಾಯ್ದೆ ಪ್ರಕಾರ. ಅಂಥ ಹೊಳೆಯಾದ್ರೆ ಒಳನಾಡು ಜಲಮಾರ್ಗ ಪ್ರಾಧಿಕಾರಕ್ಕೂ ಬರೀಬೇಕು. ಮೀನುಗಾರಿಕೆ ಇಲಾಖೆಗೆ ಪ್ರತಿ. ಆದರೆ ಕಾಗದ ಓದಿ ದೋಣಿ ಬಿಡೋರು ಕಡಿಮೆ. ದಿನದ ವೇಳೆ, ತೆರೆದ ಸ್ಪ್ಯಾನ್ ಯಾವುದು ಅನ್ನೋದನ್ನ ಕನ್ನಡ, ಕೊಂಕಣಿ ಎರಡರಲ್ಲೂ ವಾಟ್ಸಾಪ್ ಧ್ವನಿಸಂದೇಶ ಮಾಡಿ ಮೀನುಗಾರರ ಸಂಘದ ಗುಂಪಿಗೆ ಕಳಿಸಿ, ದಕ್ಕೆಯಲ್ಲಿ ಹಲಗೆ ಮೇಲೆ ಬರೆಸಿ. ತೆರೆದ ಸ್ಪ್ಯಾನ್ ಬದಲಾಯಿಸೋದಿದ್ರೆ ಹಗಲು ಹೊತ್ತು ಬದಲಾಯಿಸಿ. ಅದೇ ದಿನ ಬಾಯಿ ಕಿರಿದು ಮಾಡಬೇಡಿ.

ಪ್ರಶ್ನೆ: ಕುಣಿಗಲ್
ನಮ್ಮ ಕಡೆ ಅಷ್ಟು ದೊಡ್ಡದಿಲ್ಲ. ಮಾರ್ಕೋನಹಳ್ಳಿ ಹಿನ್ನೀರಿನಂಥ ಕಡೆ ಹರಿಗೋಲು ಇರ್ತವೆ. ಅಲ್ಲಿ ಸಣ್ಣ ಸೇತುವೆ ಬದಲಾಯಿಸುವಾಗ ಹಗ್ಗ ಅಡ್ಡ ಕಟ್ಟಿ, ಕಂಬಕ್ಕೆ ಲಾರಿ ಟೈರು ನೇತುಹಾಕಿದ್ರೆ ಸಾಕಲ್ವಾ ಅಣ್ಣ?

ಉತ್ತರ: ಕೋಲಾರ
ಎರಡೂ ಬೇಡ. ನೀರಿಗೆ ಅಡ್ಡ ಕಟ್ಟಿದ ಹಗ್ಗ ಹರಿಗೋಲಿನಲ್ಲಿ ಕೂತವನ ಎದೆಗೋ ಕುತ್ತಿಗೆಗೋ ಬರುತ್ತೆ, ಸಂಜೆಗತ್ತಲಲ್ಲಿ ಕಾಣೋದೇ ಇಲ್ಲ. ಟೈರಿನ ಸಂದಿಗೆ ಹರಿಗೋಲಿನ ಅಂಚು ಸಿಕ್ಕಿಕೊಂಡ್ರೆ ಸೆಳವು ಅದನ್ನ ಅಲ್ಲೇ ಒತ್ತಿ ಮಗುಚುತ್ತೆ. ಹರಿಗೋಲಿಗೆ ಮೂತಿ ಇಲ್ಲ, ಬಡಿದ್ರೆ ಜಾರಿಕೊಂಡು ಹೋಗ್ಬೇಕು. ಅದಕ್ಕೆ ನುಣುಪು ಮೈ ಬೇಕು. ಎರಡೂ ತುದಿ ಮುಚ್ಚಿದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನ ಸೆಳವಿಗೆ ಅಡ್ಡವಲ್ಲ, 30ರಿಂದ 45 ಡಿಗ್ರಿ ಓರೆಯಾಗಿ, ತೆರೆದ ಬಾಯಿ ಕಡೆಗೆ ದೂಡುವಂತೆ ತೇಲಿಸಿ. ಪೈಪಿಗೆ ಕಿತ್ತಳೆ ಬಣ್ಣ. ಪೈಲುಗಳ ನಡುವೆ ನೀರಿನ ಮಟ್ಟದಲ್ಲಿ ಹಲಗೆ ಬಡಿದು ಸಂದಿ ಮುಚ್ಚಿ.

ಮಾರ್ಕೋನಹಳ್ಳಿ ಅಂದಿದ್ದಕ್ಕೆ ಇನ್ನೊಂದು ಮಾತು. ಅಲ್ಲಿರೋದು ತಾನಾಗಿ ಹರಿಯೋ ಸೈಫನ್. ನೀರು ಗೊತ್ತಾದ ಮಟ್ಟ ಮುಟ್ಟಿದ್ರೆ ಯಾರೂ ಗೇಟ್ ಎತ್ತದೇನೇ ಶುರುವಾಗುತ್ತೆ. ಕೆಳಗಡೆ ಶಿಂಷಾದಲ್ಲಿ ಕೆಲಸ ಇದ್ರೆ ಜಲಾಶಯದ ಮಟ್ಟವನ್ನ ನೀವೇ ದಿನಕ್ಕೆ ಎರಡು ಸಲ ಕೇಳಿ ಬರೆದಿಡಿ, ತುಂಬೋಕೆ ಇನ್ನೂ ಒಂದು ಮೀಟರ್ ಇದೆ ಅನ್ನುವಾಗಲೇ ಆಳು, ಯಂತ್ರ ಮೇಲಕ್ಕೆ.

ಮರುಪ್ರಶ್ನೆ: ಗುಬ್ಬಿ
ಕೊನೇದು ಸಾರ್. ಹಳೆ ಕಂಬ ಎಲ್ಲಿ ತನಕ ಕತ್ತರಿಸೋದು? ತಳಮಟ್ಟಕ್ಕೆ ಅಂತ ಬರೆದಿದೀನಿ.

ಉತ್ತರ: ಸೇತುವೆ ಎಂಜಿನಿಯರ್, ತುಮಕೂರು
ಯಾವ ತಳಮಟ್ಟ? ಬೇಸಿಗೆಯ ಮರಳು ಮಳೆಗಾಲದಲ್ಲಿ ಕೊಚ್ಚಿಹೋಗುತ್ತೆ, ಆಗ ಮೊಂಡು ಕಂಬ ನೀರೊಳಗೆ ಈಟಿ ಹಾಗೆ ನಿಲ್ಲುತ್ತೆ. ಮೇಲೆ ಸೇತುವೆಯೂ ಇಲ್ಲ, ಗುರುತೂ ಇಲ್ಲ. ಅತಿ ಹೆಚ್ಚು ಕೊರೆತದ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ ಅಂತ ಬರೀರಿ. ಬಿದ್ದ ತುಂಡುಗಳದ್ದೂ ಇದೇ ಕಥೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿ ಹೊಳೆಗೆ ಬಿದ್ದಾಗ ಎಲ್ಲರೂ ಮಾತಾಡಿದ್ದು ರಸ್ತೆ ಬಗ್ಗೆ. ಅಂಥ ಕಡೆ ದೋಣಿಗೆ ಎರಡು ಅಪಾಯ: ಕೆಳಗೆ ಮುಳುಗಿದ ಸ್ಪ್ಯಾನ್, ಮೇಲೆ ಅರೆಬರೆ ನಿಂತದ್ದು.

ಕೆಲಸ ಮುಗಿದ ಮೇಲೆ ಸೋನಾರ್ ಸರ್ವೆ ಮಾಡಿಸಿ. ಅದಲ್ಲದೆ ಕೈಯಾರೆ ಒಂದು ಪರೀಕ್ಷೆ ಇದೆ: 6 ಮೀಟರ್ ಜಿಐ ಪೈಪಿನ ಎರಡು ತುದಿಗೆ ಗುರುತು ಹಾಕಿದ ಹಗ್ಗ ಕಟ್ಟಿ, ದೋಣಿ ಕೆಳಗೆ ಗೊತ್ತಾದ ಆಳದಲ್ಲಿ ಅಡ್ಡಲಾಗಿ ಇಳಿಬಿಟ್ಟು, ಸೆಳವು ನಿಂತ ಹೊತ್ತಿನಲ್ಲಿ ನಿಧಾನ ಎಳೆಯೋದು. ಹಗ್ಗ ಓರೆಯಾದ್ರೆ ಏನೋ ಇದೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು 1 ಮೀಟರ್ ಹಾಯಲಿ. ಈ ವರದಿಗೆ ಬಂದರು ಅಧಿಕಾರಿ ಸಹಿ ಹಾಕೋ ತನಕ ಒಂದು ಬುರುಡೆಯನ್ನೂ ಎತ್ತಬೇಡಿ. ಆ ಬುರುಡೆ, ದೀಪದ ಬಾಡಿಗೆಯನ್ನ ಈಗಲೇ ದರಪಟ್ಟಿಯಲ್ಲಿ ಬೇರೆ ಐಟಂ ಆಗಿ ಹಾಕಿ, ಇಲ್ಲದಿದ್ರೆ ಕೊನೆಯ ಬಿಲ್ ಆದ ದಿನವೇ ಯಾರೋ ಬಿಚ್ಚಿಕೊಂಡು ಹೋಗಿರ್ತಾರೆ.