ಕಾವಲಿನ ಹಳ್ಳ: ಬೇಲಿ ಮೊದಲೋ, ತೊಟ್ಟಿ ಮೊದಲೋ?

ವೇದಾವತಿ ಸೀಮೆ: ಹಿರಿಯೂರು ಕಡೆಯ ಒಂದು ಕಾವಲಿನ (ದನ ಕುರಿ ಮೇಯುವ ಹುಲ್ಲು ಬಯಲಿನ) ನಡುವೆ ವೇದಾವತಿಗೆ ಸೇರುವ ಹಳ್ಳವಿದೆ. ಸಂಕ್ರಾಂತಿವರೆಗೂ ಗುಂಡಿಗಳಲ್ಲಿ ನೀರು ಹಿಡಿದಿಡುತ್ತಿದ್ದ ಹಳ್ಳ ಈಗ ದೀಪಾವಳಿ ಕಳೆಯುತ್ತಿದ್ದಂತೆ ಒಣಗುತ್ತದೆ. ತಳ ಒಂದೂವರೆ ಮೀಟರ್ ಕೊರೆದಿದೆ, ದಡ ಅಲ್ಲಲ್ಲಿ ಕುಸಿದಿದೆ. ಸುಮಾರು 200 ದನ, 1000 ಕುರಿ ಮೇಕೆ ಇದೇ ನೀರಿಗೆ ಇಳಿಯುತ್ತವೆ. ಎರಡು ಸಿಮೆಂಟ್ ಚೆಕ್ ಡ್ಯಾಂ, ದನ ನೀರು ಕುಡಿಯಲು ಒಂದು ಗೋಕಟ್ಟೆ, ಹಳ್ಳದ ಎರಡೂ ಬದಿಗೆ ಎರಡೆರಡು ಕಿಲೋಮೀಟರ್ ಮುಳ್ಳುತಂತಿ ಎಂದು ಪಂಚಾಯಿತಿಯ ಕ್ರಿಯಾಯೋಜನೆ ತಯಾರಾಗುತ್ತಿದೆ. ಯಾವುದು ಬೇಕು, ಯಾವುದು ಬೇಡ, ಯಾವುದು ಮೊದಲು? ತಿಳಿದವರು ಬಿಡಿಸಿ ಹೇಳಿ.

ಕಲ್ಲುಕಟ್ಟೆ: ಚೆಕ್ ಡ್ಯಾಂ ಬೇಡ. ಹೀಗೆ ಕೊರೆಯುತ್ತಿರುವ ಹಳ್ಳದಲ್ಲಿ ಮರಳೆಲ್ಲ ಕಟ್ಟೆಯ ಮೇಲ್ಭಾಗದಲ್ಲೇ ತಂಗುತ್ತದೆ. ಹೂಳು ಕಳಚಿಕೊಂಡ ನೀರು ಧುಮುಕಿ ಕೆಳಗಿನ ತಳವನ್ನು ಇನ್ನಷ್ಟು ಕೊರೆಯುತ್ತದೆ. ನಾಲ್ಕೈದು ಮಳೆಗಾಲದಲ್ಲಿ ಅಡಿಪಾಯ ಬತ್ತಲಾಗುತ್ತದೆ, ಇಲ್ಲವೇ ನೀರು ಪಕ್ಕದ ದಡ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ.

ಬದಲಿಗೆ ಗಾರೆಯಿಲ್ಲದ ಸಣ್ಣ ಕಲ್ಲಿನ ತಡೆಗಳ ಸಾಲು ಕಟ್ಟಿಸಿ. ಎತ್ತರ 60 ಸೆಂಮೀ ದಾಟಬಾರದು. 30 ಸೆಂಮೀ ಪಾಯ ತೆಗೆದು ಮೊದಲ ಸಾಲು ಕಲ್ಲನ್ನು ಅದರಲ್ಲಿ ಕೂರಿಸಿ. ತಡೆಯ ಎರಡೂ ತುದಿ ದಡದೊಳಗೆ ಅರ್ಧ ಮೀಟರ್ ಹೋಗಬೇಕು. ನಡುಭಾಗ ತುದಿಗಳಿಗಿಂತ 15–20 ಸೆಂಮೀ ತಗ್ಗಿರಬೇಕು. ನಡು ಎತ್ತರವಾದರೆ ನೀರು ದಡದ ಮೇಲೆ ಬೀಳುತ್ತದೆ, ಹೆಚ್ಚಿನ ತಡೆಗಳು ಹಾಳಾಗುವುದು ಇದರಿಂದಲೇ. ಕೆಳಗಡೆ ಎತ್ತರದ ಒಂದೂವರೆ ಪಟ್ಟು ಉದ್ದಕ್ಕೆ ಕಲ್ಲಿನ ಹಾಸು ಇರಲಿ. ಅಂತರಕ್ಕೆ ಲೆಕ್ಕ ಇಷ್ಟೇ: ಕೆಳಗಿನ ತಡೆಯ ತಲೆ, ಮೇಲಿನ ತಡೆಯ ಬುಡ ಒಂದೇ ಮಟ್ಟಕ್ಕೆ ಬರಬೇಕು. ಇಳಿಜಾರು ಶೇ 2 ಇದ್ದರೆ 30 ಮೀಟರಿಗೊಂದು, ಶೇ 5 ಇದ್ದರೆ 12 ಮೀಟರಿಗೊಂದು.

ಇದಕ್ಕೂ ಮೊದಲು ಕೊರಕಲಿನ ತಲೆ ಹುಡುಕಿ. ತಳ ಒಮ್ಮೆಲೇ ಹಾರಿ ಬೀಳುವ ಜಾಗ ಅದು, ಪ್ರತಿ ಮಳೆಗೂ ಮೇಲಕ್ಕೆ ತೆವಳುತ್ತದೆ. ಅದನ್ನು 1:3 ಇಳಿಜಾರಾಗಿ (ಒಂದು ಮೀಟರ್ ಇಳಿಯಲು ಮೂರು ಮೀಟರ್ ದೂರ) ಕಡಿದು ಕಲ್ಲು ಹಾಸಿದರೆ ನೀರು ಧುಮುಕದೆ ಜಾರಿ ಇಳಿಯುತ್ತದೆ. ತಲೆ ಬಿಟ್ಟು ಕೆಳಗೆ ಮಾತ್ರ ಕೆಲಸ ಮಾಡಿದರೆ ಹಾಕಿದ ದುಡ್ಡು ನೀರುಪಾಲು.

ಕುರಿಹಟ್ಟಿ: ಕಲ್ಲಿನ ಮಾತು ಸರಿ ಸಾರ್. ಆದರೆ ತಂತಿ ಬೇಲಿಗೆ ನನ್ನ ಪೂರ್ತಿ ವಿರೋಧವಿದೆ. ನಾಲ್ಕು ಕಿಲೋಮೀಟರ್ ಬೇಲಿಗೆ ಮೂರು ಮೀಟರಿಗೊಂದರಂತೆ 1,300ಕ್ಕೂ ಹೆಚ್ಚು ಕಲ್ಲುಕಂಬ ಬೇಕು. ಹಳ್ಳ ದಾಟುವ ಕಡೆಯ ತಂತಿಗೆ ಮೊದಲ ಪ್ರವಾಹದಲ್ಲೇ ಕಸಕಡ್ಡಿ ಸಿಕ್ಕಿ ಕಂಬ ಸಮೇತ ಹೋಗುತ್ತದೆ. ಸುಗ್ಗಿ ಮುಗಿದ ಮೇಲೆ ಬೇರೆ ತಾಲ್ಲೂಕಿನಿಂದ ಬರುವ ಮಂದೆಗಳಿಗೆ ಹಳ್ಳವೇ ದಾರಿ. ದಾರಿ ಮುಚ್ಚಿದರೆ ತಂತಿ ಕತ್ತರಿಸಿಯೇ ತೀರುತ್ತಾರೆ.

ಎಲ್ಲ ಜೀವವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕುರಿ ನೀರು ಕುಡಿದು ಮುಂದೆ ನಡೆಯುತ್ತದೆ. ದನ ಹಾಗಲ್ಲ, ಬಿಸಿಲೇರಿದರೆ ಹಳ್ಳದ ನೆರಳಲ್ಲಿ ಮೂರು ತಾಸು ನಿಂತು ದಡ ತುಳಿಯುತ್ತದೆ, ಸಗಣಿ ಗಂಜಲ ನೀರಿಗೇ ಸೇರುತ್ತದೆ. ದನಕ್ಕೆ ನೆರಳೂ ನೀರೂ ಬೇರೆ ಕಡೆ ಸಿಕ್ಕರೆ ಅರ್ಧ ಸಮಸ್ಯೆ ಮುಗಿಯಿತು.

ಹುಲ್ಲುಗಾವಲು: ತಂತಿ ವಿಷಯದಲ್ಲಿ ನಾನೂ ಕುರಿಹಟ್ಟಿಯವರ ಕಡೆ, ಕಾರಣ ಬೇರೆ. ಕೃಷ್ಣಮೃಗ ಬೇಲಿ ಹಾರುವುದಕ್ಕಿಂತ ಕೆಳಗೆ ನುಸುಳಲು ನೋಡುತ್ತದೆ, ಮುಳ್ಳುತಂತಿಗೆ ಸಿಕ್ಕಿ ಸಾಯುತ್ತದೆ. ಎಲ್ಲಾದರೂ ಹಾಕಲೇಬೇಕಾದರೆ ಅತಿ ಕೆಳಗಿನ ಎಳೆ ಮುಳ್ಳಿಲ್ಲದ್ದು, ನೆಲದಿಂದ 40–45 ಸೆಂಮೀ ಮೇಲಿರಲಿ.

ಆದರೆ ಹಳ್ಳಕ್ಕೆ ವಿಶ್ರಾಂತಿ ಬೇಡ ಎಂದರೆ ಒಪ್ಪಲಾರೆ. ದಡ ಹಸಿಯಿದ್ದಾಗ ಗೊರಸು ಬಿದ್ದರೆ ಮಣ್ಣು ಗಂಟುಗಂಟಾಗಿ ಕಳಚಿ ಬೀಳುತ್ತದೆ. ನಿಮ್ಮ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗರಿಕೆ ಬೇರು ಹಿಡಿಯುವುದು, ಹುಲ್ಲು ಬೀಜ ಕಟ್ಟುವುದೂ ಆಗಲೇ. ಜೂನ್‌ನಿಂದ ನವೆಂಬರ್ ಕೊನೆವರೆಗೆ ಹಳ್ಳದ ಇಕ್ಕೆಲದ 20 ಮೀಟರ್ ಪಟ್ಟಿಗೆ ದನ ಬಾರದಿರಲಿ. ಮಳೆ ಬಿದ್ದ ಮೇಲೆ ಕಾವಲಿನ ಗುಂಡಿಗಳಲ್ಲಿ ನೀರಿರುತ್ತದೆ, ಅಷ್ಟಾಗಿ ಕಷ್ಟವಿಲ್ಲ. ಡಿಸೆಂಬರ್ ನಂತರ ದಡ ಗಟ್ಟಿಯಾದ ಮೇಲೆ ಕಲ್ಲು ಹಾಸಿದ ಎರಡು ಮೂರು ಇಳಿದಾರಿಗಳಲ್ಲಿ ಮಾತ್ರ ಬಿಡಿ.

ಇನ್ನೊಂದು ಮಾತು. ಹಳ್ಳ ಉಳಿಸುವ ಹೆಸರಲ್ಲಿ ಕಾವಲಿನ ಹುಲ್ಲಿನ ಮೇಲೆ ಟ್ರೆಂಚ್ ತೋಡಿ ನೀಲಗಿರಿ, ಅಕೇಶಿಯ ನೆಡಲು ಹೋಗಬೇಡಿ. ರಾಣೆಬೆನ್ನೂರಿನಲ್ಲಿ ನೀಲಗಿರಿ ಎದ್ದ ಮೇಲೆ ಎರೆಭೂತ ಹಕ್ಕಿಗೆ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆಲೆಯೇ ಇಲ್ಲದಾಯಿತು. ಗಿಡ ಹಳ್ಳದ ದಡದಲ್ಲಿ ಮಾತ್ರ: ನೀರಿನಂಚಿಗೆ ಲಾವಂಚ, ಅದರ ಮೇಲೆ ಲಕ್ಕಿ, ಇನ್ನೂ ಮೇಲೆ ಹೊಂಗೆ, ಹೊಳೆಮತ್ತಿ. ಲಕ್ಕಿಯ ಕಡ್ಡಿ ನೆಟ್ಟರೆ ಸಾಕು, ಚಿಗುರುತ್ತದೆ. ಮೇಕೆಯೂ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಪೈಪ್‌ಲೈನ್: ದನಕ್ಕೆ ಹಳ್ಳದ ಬದಲು ತೊಟ್ಟಿಯಲ್ಲಿ ನೀರು ಕೊಡಬೇಕು ಸರಿ, ಆದರೆ ಬೇಸಿಗೆಯ ನೀರಿನ ಲೆಕ್ಕ ಯಾರೂ ಹಾಕಿಲ್ಲ. ದನಕ್ಕೆ ದಿನಕ್ಕೆ 50 ಲೀಟರ್, ಕುರಿಗೆ 5 ಲೀಟರ್ ಎಂದರೆ 10,000 ಮತ್ತು 5,000, ಒಟ್ಟು 15,000 ಲೀಟರ್. ಈ ನೀರು ದಿನವಿಡೀ ಸಮನಾಗಿ ಖರ್ಚಾಗುವುದಿಲ್ಲ. 200 ದನ ಮಧ್ಯಾಹ್ನ ಒಟ್ಟಿಗೆ ಬಂದು ತಲಾ 25 ಲೀಟರ್ ಕುಡಿದರೆ ಒಂದು ತಾಸಿನಲ್ಲಿ 5,000 ಲೀಟರ್ ಖಾಲಿ. ಬಾವಿಯಿಂದ ಪೈಪಿನಲ್ಲಿ ಬರುವ ನೀರು ನಿಮಿಷಕ್ಕೆ 24 ಲೀಟರ್ ಎಂದುಕೊಂಡರೂ ಆ ತಾಸಿನಲ್ಲಿ ಬರುವುದು 1,440 ಮಾತ್ರ. ಒಣಗಿದ ತೊಟ್ಟಿ ನೋಡಿದ ದನ ಮತ್ತೆ ಹಳ್ಳಕ್ಕೇ ಹೋಗುತ್ತದೆ. ಆದ್ದರಿಂದ ತೊಟ್ಟಿಯ ಪಕ್ಕದಲ್ಲೇ 10,000 ಲೀಟರ್ ಟ್ಯಾಂಕ್ ಇಟ್ಟು, ಅಲ್ಲಿಂದ ತೊಟ್ಟಿಗೆ 63 ಮಿಮೀ ಪೈಪ್ ಕೊಡಿ.

ದೂರದ ಪೈಪ್‌ಗೆ ದುಡ್ಡು ಉಳಿಸಲು 32 ಮಿಮೀ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕುತ್ತಾರೆ. ನಿಮಿಷಕ್ಕೆ 24 ಲೀಟರ್ ಹರಿವಿಗೆ 500 ಮೀಟರಿನಲ್ಲಿ ಘರ್ಷಣೆಗೇ 10 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಹೋಗುತ್ತದೆ. 40 ಮಿಮೀ ಹಾಕಿದರೆ ಮೂರೂವರೆ ಮೀಟರ್. ಎರಡಡಿ ಆಳದಲ್ಲಿ ಹೂತು, ಏರು ಜಾಗದಲ್ಲಿ ಏರ್ ವಾಲ್ವ್, ತಗ್ಗಿನಲ್ಲಿ ಹೂಳು ಬಿಡುವ ವಾಲ್ವ್ ಕೂರಿಸಿ. ಏರಿನಲ್ಲಿ ಗಾಳಿ ಕಟ್ಟಿಕೊಂಡರೆ ಪಂಪು ಓಡುತ್ತಿದ್ದರೂ ನೀರು ಬರುವುದಿಲ್ಲ.

ತೊಟ್ಟಿ 7 ಮೀ ಉದ್ದ, ಒಳಗೆ 60 ಸೆಂಮೀ ಅಗಲ. ಎರಡೂ ಬದಿಯಿಂದ ಒಮ್ಮೆಗೆ ಇಪ್ಪತ್ತು ದನ ಕುಡಿಯುತ್ತವೆ. ನೀರಿನ ಆಳ 40 ಸೆಂಮೀ ಇಟ್ಟರೆ 1,680 ಲೀಟರ್ ಹಿಡಿಯುತ್ತದೆ. ಕುರಿಗೆ ಬೇರೆ ತೊಟ್ಟಿ, ಅಂಚು ನೆಲದಿಂದ 30 ಸೆಂಮೀ. ಹಳ್ಳದಿಂದ 300 ಮೀಟರಾದರೂ ದೂರ, ಮೊರಂ ನೆಲದ ಮೇಲೆ. ಎರೆ ಮಣ್ಣಿನಲ್ಲಿ ಬೇಡ.

ಕುರಿಹಟ್ಟಿ: ತೊಟ್ಟಿ ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಅರ್ಧ ಇಂಚಿನ ಪ್ಲಾಸ್ಟಿಕ್ ಬಾಲ್ ಕಾಕ್ (ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ತೇಲುಗುಂಡಿನ ನಲ್ಲಿ) ಹಾಕಿ ಹೋಗುತ್ತಾರೆ. ಒಂದು ದನ ಕೊಂಬು ಆಡಿಸಿದರೆ ತೋಳು ಮುರಿಯಿತು, ನೀರೆಲ್ಲ ಹರಿದು ತೊಟ್ಟಿಯ ಬುಡ ಕೆಸರಾಯಿತು. ಕೆಸರಿನಲ್ಲಿ ಬಸವನಹುಳು, ಅದರಿಂದ ಕುರಿಯ ಈಲಿಗೆ (ಲಿವರ್‌ಗೆ) ಜಂತು. ಒಂದೂಕಾಲು ಇಂಚಿನ ಹಿತ್ತಾಳೆಯದ್ದೇ ಇರಲಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ. ಹೆಚ್ಚಾದ ನೀರು 15 ಮೀಟರ್ ಆಚೆ ಹೋಗಿ ಬೀಳುವಂತೆ 50 ಮಿಮೀ ಪೈಪ್ ಇಡಿ. ತಳಕ್ಕೆ ಇಳಿಜಾರು, ಮೂಲೆಯಲ್ಲಿ ಬಿರಡೆ. ವಾರಕ್ಕೊಮ್ಮೆ ತೊಳೆದು ಹದಿನೈದು ದಿನಕ್ಕೊಮ್ಮೆ ಸುಣ್ಣ ಬಳಿಯುವವರಿಗೆ ಇಂತಿಷ್ಟು ಕೂಲಿ ಎಂದು ಪಂಚಾಯಿತಿ ಮೊದಲೇ ಬರೆದುಕೊಡಲಿ. ಅದು ಇಲ್ಲದೆ ತೊಟ್ಟಿ ಕಟ್ಟಲೇಬೇಡಿ.

ಹುಲ್ಲುಗಾವಲು: ತೊಟ್ಟಿಯೊಳಗೆ ಒಂದು ಮೂಲೆಯಲ್ಲಿ ಅಂಚಿನಿಂದ ತಳದವರೆಗೆ ಒರಟು ಕಲ್ಲಿನ ಇಳಿಜಾರು ಮಾಡಿ. ಬಿದ್ದ ಅಳಿಲು, ಓತಿ, ಹಕ್ಕಿ ಹತ್ತಿ ಬರುತ್ತವೆ. ಇಲ್ಲದಿದ್ದರೆ ಸತ್ತು ಕೊಳೆತು ನೀರು ನಾರುತ್ತದೆ.

ನನ್ನ ದೊಡ್ಡ ಚಿಂತೆ ನೀರಿನ ಮೂಲ. ಹಳ್ಳದ ಪಕ್ಕ ಬಾವಿ ತೆಗೆದು ಸೋಲಾರ್ ಪಂಪಿನಿಂದ ಎತ್ತಿದರೆ ಹಳ್ಳದ ಮರಳಿನ ತೇವವೇ ಹೋಗುತ್ತದೆ. 100 ಮೀ ಉದ್ದ, 10 ಮೀ ಅಗಲದ ಮರಳಿನಿಂದ ದಿನಕ್ಕೆ 15,000 ಲೀಟರ್ ತೆಗೆದರೆ ನೀರಿನ ಮಟ್ಟ ದಿನಕ್ಕೆ ಸುಮಾರು 10 ಸೆಂಮೀ ಇಳಿಯುತ್ತದೆ.

ಪೈಪ್‌ಲೈನ್: ಮೇಡಂ, ಆ 15,000 ಲೀಟರನ್ನು ಇಂದೂ ದನ ಕುರಿಗಳು ಅದೇ ಹಳ್ಳದಲ್ಲೇ ಕುಡಿಯುತ್ತಿವೆ. ಬಾವಿಯಿಂದ ಹೊಸದಾಗಿ ಏನೂ ಖರ್ಚಾಗುವುದಿಲ್ಲ. ಭಯ ಇರುವುದು ಆ ಪೈಪಿಗೆ ತೋಟದವರು ಸೇರಿಕೊಳ್ಳುವುದರಲ್ಲಿ. ಟ್ಯಾಂಕ್ ತುಂಬಿದೊಡನೆ ಪಂಪು ತಾನೇ ನಿಲ್ಲುವ ಫ್ಲೋಟ್ ಸ್ವಿಚ್, ಬಾವಿ ಬಾಯಿಗೆ ಬೀಗ ಬೇಕೇ ಬೇಕು. ಕೊಳವೆಬಾವಿ ಎಂದರೆ ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 2 ಮಿಲಿಗ್ರಾಂ ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ದನದ ಹಲ್ಲು, ಮೂಳೆ ಕೆಡುತ್ತವೆ.

ಹುಲ್ಲುಗಾವಲು: ಇಂದು ಕುಡಿಯುವುದು ಹಳ್ಳದಲ್ಲಿ ನೀರಿರುವಷ್ಟು ದಿನ ಮಾತ್ರ. ಆಮೇಲೆ ಮಂದೆ ಬೇರೆಡೆಗೆ ನಡೆಯುತ್ತದೆ. ಬಾವಿ ಬಂದರೆ ಮೇ ತಿಂಗಳವರೆಗೂ ಎತ್ತುತ್ತೀರಿ, ಮಂದೆ ಹುಲ್ಲಿನ ಬುಡ ಮುಗಿಯುವವರೆಗೂ ಅಲ್ಲೇ ನಿಲ್ಲುತ್ತದೆ. ಬಾವಿ ಬೇಡ ಎನ್ನುತ್ತಿಲ್ಲ. ಹಳ್ಳದಿಂದ ದೂರ ಇರಲಿ, ಫೆಬ್ರವರಿಯಿಂದಾಚೆ ದಿನಕ್ಕೆ ಎಷ್ಟು ಎತ್ತಬೇಕೆಂದು ಹುಲ್ಲು ನೋಡಿ ಮಿತಿ ಹಾಕಿ.

ಕಲ್ಲುಕಟ್ಟೆ: ಗೋಕಟ್ಟೆಯ ಲೆಕ್ಕವನ್ನೂ ನೋಡಿ. 30×20 ಮೀಟರ್, 3 ಮೀ ಆಳ, ಮೂರು ಬದಿ 1:1.5 ಇಳಿಜಾರು, ದನ ಇಳಿಯುವ ಬದಿ 1:5 ಎಂದರೆ ಸುಮಾರು 980 ಘನ ಮೀಟರ್ ಹಿಡಿಯುತ್ತದೆ. ದಿನಕ್ಕೆ 15 ಘನ ಮೀಟರ್ ಕುಡಿಯಲು, 6 ಮಿಮೀ ಆವಿಯಾದರೂ ತುಂಬಿದ ಮೇಲ್ಮೈಯಿಂದ ಇನ್ನೂ 3.6 ಹೋಗುತ್ತದೆ. ಇಂಗುವುದನ್ನು ಬಿಟ್ಟರೂ ಐವತ್ತು ಚಿಲ್ಲರೆ ದಿನ ಬರುತ್ತದೆ ಅಷ್ಟೆ. ಬೇಸಿಗೆ ದಾಟಿಸುವ ಭರವಸೆ ಅದಕ್ಕಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ದನವನ್ನು ಹಳ್ಳದಿಂದ ದೂರವಿಡಲು ಮಾತ್ರ ಸಾಕು, ಆ ಕೆಲಸಕ್ಕೆ ಖಂಡಿತ ಮಾಡಿ. ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಬೇಡಿ, ಆವಿಗೇ ಹೋಗುತ್ತದೆ. ನೀರು ಒಳಬರುವ ಕಡೆ 3×3 ಮೀಟರಿನ ಹೂಳುಗುಂಡಿ, ಹೊರಹೋಗಲು ಕಲ್ಲಿನ ಕೋಡಿ. ಇಳಿಯುವ ಬದಿಗೆ ಕಲ್ಲು ಹಾಸದಿದ್ದರೆ ಬಡಕಲು ದನ ಕೆಸರಿನಲ್ಲಿ ಹೂತು ಏಳಲಾರದು.

ವೇದಾವತಿ ಸೀಮೆ: ಹಳ್ಳದ ತುಂಬ ಬಳ್ಳಾರಿ ಜಾಲಿ ಇದೆ. ಜೆಸಿಬಿ ತಂದು ಒಮ್ಮೆಲೇ ಕಿತ್ತುಬಿಡೋಣವೇ?

ಹುಲ್ಲುಗಾವಲು: ಬೇಡವೇ ಬೇಡ. ಕುಸಿಯುತ್ತಿರುವ ದಡವನ್ನು ಸದ್ಯ ಹಿಡಿದಿರುವುದು ಆ ಬೇರೇ. 50 ಮೀಟರ್ ತೆಗೆದು 50 ಮೀಟರ್ ಬಿಡಿ. ತೆಗೆದ ಕಡೆ ಲಕ್ಕಿ, ಲಾವಂಚ ಹಿಡಿದ ಮೇಲೆ ಉಳಿದದ್ದು. ನೆಲಮಟ್ಟದಲ್ಲಿ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ, ಮಣ್ಣು ಬಿಡಿಸಿ 30 ಸೆಂಮೀ ಕೆಳಗೆ ಬೇರು ಕತ್ತರಿಸಬೇಕು. ಕಾಯಿ ತಿಂದ ದನದ ಸಗಣಿಯಿಂದ ತೊಟ್ಟಿಯ ಸುತ್ತ ಸಸಿ ಏಳುತ್ತವೆ. ಮಳೆ ಬಿದ್ದ ಮೊದಲ ತಿಂಗಳಲ್ಲೇ ಕೈಯಲ್ಲಿ ಕಿತ್ತರೆ ಬರುತ್ತವೆ, ಆಮೇಲೆ ಗುದ್ದಲಿ ಬೇಕು.

ಕುರಿಹಟ್ಟಿ: ಕಡಿದ ಜಾಲಿಯ ಕೊಂಬೆಯನ್ನೇ ಜೂನ್‌ನಿಂದ ನವೆಂಬರ್‌ವರೆಗೆ ಮುಳ್ಳುಬೇಲಿ ಮಾಡಿ. ಡಿಸೆಂಬರ್‌ನಲ್ಲಿ ಇಳಿದಾರಿಯ ಕಡೆಯ ಕೊಂಬೆ ಬದಿಗೆ ಎಳೆದು ಹಾಕಿದರೆ ಬಾಗಿಲು ತೆರೆದ ಹಾಗೆ. ಮಂದೆಯ ದಾರಿಯ ಕಡೆ ಮಾತ್ರ ಮೊದಲಿನಿಂದಲೂ ತೆರವು ಬಿಡಿ. ಆ ಜಾಗ ಎಲ್ಲೆಂದು ಕುರಿಗಾಹಿಗಳನ್ನು ಕೂರಿಸಿಕೊಂಡು ಗುರುತು ಮಾಡಿ.

ಕಲ್ಲುಕಟ್ಟೆ: ಕ್ರಿಯಾಯೋಜನೆಯಲ್ಲಿ ಚೆಕ್ ಡ್ಯಾಂ ಎಂಬುದನ್ನು ತೆಗೆಸಿ ಕಲ್ಲಿನ ತಡೆ ಎಂದು ಬರೆಸಿ. ಅದು ಬಹುತೇಕ ಕೂಲಿಯ ಕೆಲಸ, ಉದ್ಯೋಗ ಖಾತ್ರಿಯ ಕೂಲಿ–ಸಾಮಗ್ರಿ 60:40 ಅನುಪಾತಕ್ಕೆ ತಾನೇ ಹೊಂದುತ್ತದೆ. ಸಾಮಗ್ರಿಯ ಪಾಲಿನಲ್ಲಿ ಉಳಿದದ್ದು ತೊಟ್ಟಿಗೆ, ಕಲ್ಲುಹಾಸಿಗೆ ಸಿಗುತ್ತದೆ. ಪಹಣಿ ತೆಗೆಸಿ ಕಾವಲು ಅರಣ್ಯ ಇಲಾಖೆಯದೋ, ಪಶುಪಾಲನೆಯದೋ, ಕಂದಾಯದ ಗೋಮಾಳವೋ ನೋಡಿಕೊಳ್ಳಿ. ಅನುಮತಿ ಯಾರದೆಂದು ತಿಳಿಯುವ ಮೊದಲು ಒಂದು ಗುದ್ದಲಿಯೂ ಬೀಳಬಾರದು. ಕೊರಕಲಿನ ತಲೆಯ ಕೆಲಸ ಮಾತ್ರ ಆಗಸ್ಟ್ ಒಳಗೆ ಮುಗಿಯಲಿ, ದೊಡ್ಡ ಮಳೆ ಬರುವುದು ಆಮೇಲೆಯೇ.